ಐಕಿಡೊ ತರಗತಿ: ಹೊಡೆದಾಟಕ್ಕಲ್ಲ, ಬೀಳುವುದಕ್ಕಾದರೆ ಸೇರಿ

ಕಾರವಾರದಲ್ಲೋ ಶಿರಸಿಯಲ್ಲೋ ಸಭಾಭವನವೊಂದರ ಮುಂದೆ ‘ಆತ್ಮರಕ್ಷಣೆಗೆ ಐಕಿಡೊ’ ಎಂಬ ಬ್ಯಾನರ್ ಬಿತ್ತೆಂದರೆ ವಿಚಾರಿಸಲು ಬರುವವರು ಹೆಚ್ಚಾಗಿ ಹೈಸ್ಕೂಲು ಮಕ್ಕಳ ಅಪ್ಪ-ಅಮ್ಮಂದಿರು, ಇಲ್ಲವೇ ರಾತ್ರಿ ಪಾಳಿ ಮುಗಿಸಿ ಒಬ್ಬರೇ ಮನೆಗೆ ಹೋಗುವವರು. ಯಾರಾದರೂ ಮೈಮೇಲೆ ಬಂದರೆ, ಕೈ ತಿರುಚಿ ಎಸೆದು ಕೆಡವುವ ಈ ಜಪಾನಿ ಕಾಳಗವಿದ್ಯೆ ಉಪಯೋಗಕ್ಕೆ ಬರುತ್ತದೆಯೇ ಎಂಬುದಷ್ಟೇ ಅವರಿಗೆ ಬೇಕು. ಮೊದಲ ಒಂದು ವರ್ಷದ ಮಟ್ಟಿಗೆ ಹೇಳುವುದಾದರೆ, ಕೈ ತಿರುಚುವ ಪಟ್ಟುಗಳು ಉಪಯೋಗಕ್ಕೆ ಬರುವುದಿಲ್ಲ. ಬೀಳುವ ಪಾಠ ಖಂಡಿತ ಬರುತ್ತದೆ. ಹತ್ತು ವರ್ಷ ಮ್ಯಾಟಿನ ಮೇಲೆ ಬೆವರಿಳಿಸಿದವರ ಲೆಕ್ಕ ಬೇರೆ, ಅದು ಇಲ್ಲಿ ಬೇಡ.

ತರಗತಿಯ ನಡೆ ಎಲ್ಲ ಕಡೆ ಸುಮಾರು ಒಂದೇ ಥರ. ಒಂದೂವರೆ ತಾಸಿನಲ್ಲಿ ಮೊದಲ ಇಪ್ಪತ್ತು ನಿಮಿಷ ಮೈ ಸಡಿಲ ಮಾಡುವುದು, ಉರುಳುವುದು, ಬೀಳುವುದು. ಆಮೇಲೆ ಗುರುಗಳು ಒಂದು ಪಟ್ಟನ್ನು ಎಡಕ್ಕೆರಡು ಬಲಕ್ಕೆರಡು ಸಲ ತೋರಿಸುತ್ತಾರೆ, ಶಿಷ್ಯರು ಜೋಡಿಯಾಗಿ ಅದನ್ನೇ ಮಾಡುತ್ತಾರೆ. ಮೈಮೇಲೆ ಬರುವವನು ಉಕೆ, ಎಸೆಯುವವನು ನಾಗೆ. ನಾಲ್ಕು ಸಲಕ್ಕೊಮ್ಮೆ ಪಾತ್ರ ಅದಲುಬದಲು. ಇಕ್ಕ್ಯೊ, ನಿಕ್ಯೊ, ಶಿಹೊನಾಗೆ, ಇರಿಮಿನಾಗೆ, ಕೋತೆಗಾಯೆಶಿ ಇಷ್ಟು ಮೊದಲ ವರ್ಷದ ಸರಕು. ಹೆಚ್ಚಿನ ಶಾಖೆಗಳಲ್ಲಿ ಪಂದ್ಯ ಇಲ್ಲ. ಎದುರಾಳಿ ನಿಜವಾಗಿ ಗೆಲ್ಲಲು ನೋಡುವ ಅಭ್ಯಾಸವೂ ಇಲ್ಲ. ತೊಡಕು ಶುರುವಾಗುವುದು ಇಲ್ಲೇ.

ಬಯಲಾಟದ ಯುದ್ಧದ ಕುಣಿತ ನೋಡಿದವರಿಗೆ ಇದು ಬೇಗ ಹೊಳೆಯುತ್ತದೆ. ಭಾಗವತರ ಪದ, ಚಂಡೆಯ ಪೆಟ್ಟು ಎರಡೂ ವೇಷಕ್ಕೆ ಗೊತ್ತು. ಯಾರು ಯಾವಾಗ ತಿರುಗಬೇಕು, ಯಾರು ಸೋಲಬೇಕು ಎಂಬುದು ಪ್ರಸಂಗದಲ್ಲೇ ಇದೆ. ಕುಣಿತದ ಕಸುವು ಸುಳ್ಳಲ್ಲ. ಹಾಗಂತ ಅರ್ಜುನನ ವೇಷ ಕಟ್ಟಿದವರು ಬಣ್ಣ ಕಳಚಿ ಪೇಟೆಯ ಜಗಳದಲ್ಲೂ ಗೆಲ್ಲುತ್ತಾರೆಂದು ಯಾರೂ ಅಂದುಕೊಳ್ಳುವುದಿಲ್ಲ.

ಕಲಿಸುವ ದಾಳಿಗಳೂ ಈ ಕಾಲದವಲ್ಲ. ಐಕಿಡೊ ಕಟ್ಟಿದ ಮೊರಿಹೈ ಉಯೆಶಿಬಾ (1883–1969) ಅದನ್ನು ಬೆಳೆಸಿದ್ದು ತಕೇದಾ ಸೊಕಾಕು ಅವರಿಂದ ಕಲಿತ ದೈತೊ-ರ್‍ಯು ಎಂಬ ಹಳೆಯ ವಿದ್ಯೆಯಿಂದ. ಕತ್ತಿಯ ಕಾಲದ ನೆರಳು ಇಡೀ ಪಾಠದ ಮೇಲಿದೆ. ಮಣಿಕಟ್ಟು ಹಿಡಿಯುವುದು ಯಾಕೆಂದರೆ ಎದುರಿನವ ಒರೆಯಿಂದ ಕತ್ತಿ ಎಳೆಯದಿರಲಿ ಎಂದು. ಶೊಮೆನ್‌ಉಚಿ, ಅಂದರೆ ತಲೆಯ ಮೇಲಿಂದ ನೇರ ಇಳಿಯುವ ಕೈ, ಕತ್ತಿಯ ಏಟೇ. ಇಂದಿನ ಬಸ್‌ಸ್ಟ್ಯಾಂಡ್ ಜಗಳದ ಕ್ರಮ ಬೇರೆ: ಮೊದಲು ಬೈಗುಳ, ಆಮೇಲೆ ಎದೆಗೆ ದೂಡು, ಎಡಗೈಯಲ್ಲಿ ಕಾಲರ್, ಬಲಗೈ ಬೀಸಿ ಬೀಸಿ ಕಪಾಳಕ್ಕೆ. ಇಬ್ಬರೂ ಕೆಳಗೆ ಬೀಳುವುದೂ ಮಾಮೂಲು, ಆದರೆ ಬಿದ್ದ ಮೇಲೆ ಏನು ಮಾಡಬೇಕೆಂಬ ಪಾಠ ಐಕಿಡೊದಲ್ಲಿ ಇಲ್ಲವೆಂದರೂ ನಡೆದೀತು.

ಕೋತೆಗಾಯೆಶಿಯನ್ನೇ ಬಿಡಿಸಿ ನೋಡಿ. ಎದುರಿನವನ ಬಲ ಮುಷ್ಟಿ ಹೊಟ್ಟೆಗೆ ಬರುತ್ತದೆ. ನೀವು ಎಡಗಾಲು ಮುಂದಿಟ್ಟು ಅವನ ಬಲ ಪಕ್ಕಕ್ಕೆ ಸರಿದು ತಿರುಗುತ್ತೀರಿ. ಎಡಗೈ ಅವನ ಮಣಿಕಟ್ಟಿನ ಮೇಲೆ ಬೀಳುತ್ತದೆ, ಹೆಬ್ಬೆರಳು ಅವನ ಅಂಗೈ ಹಿಂಭಾಗಕ್ಕೆ, ಉಳಿದ ಬೆರಳು ಅವನ ಹೆಬ್ಬೆರಳಿನ ಬುಡಕ್ಕೆ. ಬಲಗೈಯಿಂದ ಅವನ ಬೆರಳುಗಳನ್ನು ಮುಚ್ಚಿ, ಮುಷ್ಟಿಯನ್ನು ಹೊರಕ್ಕೆ ಮಡಚಿ ಕೆಳಕ್ಕೆ ಇಳಿಸಬೇಕು. ಮ್ಯಾಟಿನ ಮೇಲೆ ಇದು ಚಂದ ನಡೆಯುತ್ತದೆ, ಏಕೆಂದರೆ ಉಕೆ ಹೊಡೆದ ಕೈಯನ್ನು ಅಲ್ಲೇ ಚಾಚಿಟ್ಟು ಕಾಯುತ್ತಾನೆ. ಹೊರಗಿನವನ ಕೈ ಬಂದಷ್ಟೇ ಬೇಗ ಹಿಂದೆ ಹೋಗುತ್ತದೆ, ಅದರ ಬೆನ್ನಿಗೇ ಇನ್ನೊಂದು ಬರುತ್ತದೆ. ಕರಾವಳಿಯ ಏಪ್ರಿಲ್ ಸೆಕೆಗೆ ಬೆವರಿದ ಮಣಿಕಟ್ಟು ಹಿಡಿತಕ್ಕೆ ನಿಲ್ಲುವುದಿಲ್ಲ. ಹಿಡಿದರೂ ಅವನು ಮೊಣಕೈಯನ್ನು ಪಕ್ಕೆಲುಬಿಗೆ ಒತ್ತಿಕೊಂಡನೋ, ಮುಷ್ಟಿ ತಿರುಗುವುದೇ ಇಲ್ಲ. ನಿಮ್ಮ ಎರಡೂ ಕೈ ಅವನ ಒಂದು ಕೈಗೆ ಸಿಕ್ಕಿಬಿದ್ದಿರುತ್ತವೆ, ಅವನ ಎಡಗೈ ಖಾಲಿ.

ಹಳೆಯ ಗುರುಗಳಿಗೆ ಇದು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಅದಕ್ಕೇ ಅತೆಮಿ ಇತ್ತು: ಮೊದಲು ಮುಖಕ್ಕೋ ಪಕ್ಕೆಗೋ ಒಂದು ಪೆಟ್ಟು, ಎದುರಿನವ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪಟ್ಟು. ಗೊಜೊ ಶಿಯೊದಾ ಕಟ್ಟಿದ ಯೋಶಿನ್‌ಕಾನ್ ಶಾಖೆ ಇದಕ್ಕೆ ಒತ್ತು ಕೊಡುತ್ತದೆ. ‘ಐಕಿಡೊದಲ್ಲಿ ಹೊಡೆಯುವುದಿಲ್ಲ, ಅದು ಶಾಂತಿಯ ಕಲೆ’ ಎಂದು ಅತೆಮಿಯನ್ನು ಕೈಬಿಟ್ಟ ತರಗತಿ, ಒಗ್ಗರಣೆ ಬಿಟ್ಟ ಸಾರಿನಂತೆ. ‘ಟೋಕಿಯೊ ಪೊಲೀಸರೂ ಇದನ್ನೇ ಕಲಿಯುತ್ತಾರೆ’ ಎಂಬ ಮಾತನ್ನು ಜಾಹೀರಾತಿಗೆ ಬಳಸುವವರಿದ್ದಾರೆ. ಅಲ್ಲಿನ ಗಲಭೆ ನಿಗ್ರಹ ದಳದವರು ಯೋಶಿನ್‌ಕಾನ್‌ನಲ್ಲಿ ತಿಂಗಳುಗಟ್ಟಲೆ ಕಠಿಣ ತರಬೇತಿ ಪಡೆಯುವುದು ನಿಜ. ಆದರೆ ಅವರ ಕೆಲಸ ನಾಲ್ಕೈದು ಜನ ಸೇರಿ ಒಬ್ಬನನ್ನು ಹಿಡಿದು ಬಗ್ಗಿಸುವುದು. ವಾರಕ್ಕೆರಡು ದಿನ ಕಲಿತು ಒಬ್ಬಂಟಿ ಹೋಗುವವರಿಗೆ ಆ ಉದಾಹರಣೆ ಒಗ್ಗುವುದಿಲ್ಲ.

ಚಾಕುವಿನ ಪಾಠದ ಬಗ್ಗೆ ಇನ್ನೂ ಖಡಾಖಂಡಿತವಾಗಿ ಹೇಳಬೇಕು. ಮರದ ಚಾಕು ಹಿಡಿದು ಎರಡು ಹೆಜ್ಜೆ ದೂರದಿಂದ ಒಂದೇ ಸಲ ಚುಚ್ಚಿ ನಿಲ್ಲುವ ಉಕೆಯನ್ನು ನಂಬಬೇಡಿ. ಒಂದು ಬಿಳಿ ಬನಿಯನ್ ಹಾಕಿ, ಜೊತೆಗಾರನ ಕೈಗೆ ದಪ್ಪ ಸ್ಕೆಚ್ ಪೆನ್ ಕೊಡಿ. ಎಡಗೈಯಲ್ಲಿ ನಿಮ್ಮ ಅಂಗಿ ಹಿಡಿದು ಬಲಗೈಯಲ್ಲಿ ಬೇಗಬೇಗ ತಿವಿಯಲು ಹೇಳಿ. ಹತ್ತು ಸೆಕೆಂಡಿನಲ್ಲಿ ಬನಿಯನ್ ಮೇಲೆ ಎಷ್ಟು ಗೀರು ಬಿದ್ದಿವೆ ನೋಡಿದರೆ ಉತ್ತರ ಸಿಗುತ್ತದೆ. ಮೀನುಪೇಟೆಯ ಚೂರಿ, ತೋಟದ ಕತ್ತಿ ಕೈಗೆ ಸುಲಭಕ್ಕೆ ಸಿಗುವ ಜಿಲ್ಲೆ ಇದು. ಕಬ್ಬಿಣ ಕಂಡರೆ ಓಡಬೇಕು. ಓಡಲಾಗದಿದ್ದರೆ ನಡುವೆ ಕುರ್ಚಿಯನ್ನೋ ಚೀಲವನ್ನೋ ಬೈಕನ್ನೋ ಇಟ್ಟುಕೊಳ್ಳಬೇಕು.

ಕೆಲಸಕ್ಕೆ ಬರುವ ಪಟ್ಟು ಒಂದಿದೆ, ಹಿಡಿತ ಬಿಡಿಸಿಕೊಳ್ಳುವುದು. ಯಾರಾದರೂ ಮಣಿಕಟ್ಟು ಹಿಡಿದರೆ ಅವರ ಹೆಬ್ಬೆರಳು ಮತ್ತು ಬೆರಳ ತುದಿಗಳು ಕೂಡುವ ಕಡೆ ಹಿಡಿತದ ಬಾಯಿ. ಎಲ್ಲರೂ ತಪ್ಪುವುದು ಕೈಯನ್ನು ಹಿಂದಕ್ಕೆ ಜಗ್ಗುವುದರಲ್ಲಿ. ಆಗ ಅವರ ನಾಲ್ಕು ಬೆರಳಿನ ಜೊತೆ ಗುದ್ದಾಟ. ಹಾಗೆ ಮಾಡದೆ ಬೆರಳು ಬಿಚ್ಚಿ, ಒಂದು ಹೆಜ್ಜೆ ಅವರತ್ತಲೇ ಇಟ್ಟು, ಮೊಣಕೈಯನ್ನು ಅವರ ಮೊಣಕೈ ಕಡೆ ಒಯ್ಯಿರಿ. ಕೈ ಹೆಬ್ಬೆರಳಿನ ಸಂದಿಯಲ್ಲಿ ತಾನೇ ಜಾರುತ್ತದೆ. ಬಿಡಿಸಿದ ಮೇಲೆ ನಿಂತು ನೋಡಬಾರದು, ಕೂಗುತ್ತ ಜನರಿರುವ ಕಡೆ ಹೋಗಬೇಕು. ಹೈಸ್ಕೂಲು ಹುಡುಗಿ ಎರಡು ವಾರದಲ್ಲಿ ಕಲಿಯುವಂಥದ್ದು. ಇದಕ್ಕಾಗಿ ವರ್ಷದ ಫೀ ಕಟ್ಟಬೇಕಿಲ್ಲ.

ಇನ್ನು ಉಕೆಮಿ, ಬೀಳುವ ವಿದ್ಯೆ. ಫೀ ವಸೂಲಾಗುವುದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಜಿಲ್ಲೆಯಲ್ಲಿ ಮನುಷ್ಯರಿಗಿಂತ ಪಾಚಿಯೇ ಹೆಚ್ಚು ಜನರನ್ನು ಕೆಡವುತ್ತದೆ: ಅಡಿಕೆ ದಬ್ಬೆ ಹಾಸದ ಅಂಗಳ, ಹಳ್ಳದ ಮೇಲಿನ ಕಾಲುಸಂಕ, ಬಂದರಿನ ಮೀನುನೀರಿನ ನೆಲ, ಘಟ್ಟದ ತಿರುವಿನಲ್ಲಿ ಜಾರುವ ಬೈಕು. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಬೇಕು, ಹಿಮ್ಮಡಿಯನ್ನು ಕುಂಡೆಯ ಹತ್ತಿರಕ್ಕೆ ತಂದು ಕುಕ್ಕರಗಾಲಿನಲ್ಲಿ ಇಳಿಯಬೇಕು, ಬೆನ್ನು ಬಿಲ್ಲಿನಂತೆ ಬಾಗಿ ಉರುಳಬೇಕು. ಕೈಯನ್ನು ಹಿಂದೆ ಊರಲೇಬಾರದು, ಮಣಿಕಟ್ಟು ಮುರಿಯುವುದು ಹಾಗೇ. ಮುಂದಕ್ಕೆ ಉರುಳುವಾಗ ನೆಲ ಮುಟ್ಟುವ ಕ್ರಮ ಹೀಗೆ: ಕಿರುಬೆರಳಿನ ಅಂಚು, ಮುಂಗೈ, ಮೊಣಕೈ ಮೇಲ್ಭಾಗ, ಭುಜದ ಹಿಂಬದಿ, ಅಲ್ಲಿಂದ ಓರೆಯಾಗಿ ಎದುರು ಬದಿಯ ಸೊಂಟ. ತೋಳು ಚಕ್ರದಂತೆ ಬಾಗಿರಬೇಕು. ಮೊಣಕೈ ಕುಸಿಯಿತೋ, ಭಾರವೆಲ್ಲ ಭುಜದ ತುದಿಗೆ ಬಂದು ಕಾಲರ್ ಬೋನ್ ಪೆಟ್ಟು ತಿನ್ನುತ್ತದೆ. ನೇರ ಬೆನ್ನುಮೂಳೆಯ ಮೇಲೆ ಉರುಳಿದರೆ ಮ್ಯಾಟಿನಲ್ಲಿ ಗೊತ್ತಾಗುವುದಿಲ್ಲ, ಚಿರೆಕಲ್ಲಿನ ಮೇಲೆ ಗೊತ್ತಾಗುತ್ತದೆ. ವಾರಕ್ಕೆರಡು ದಿನ ಮಾಡಿದರೆ ಮೂರ್ನಾಲ್ಕು ತಿಂಗಳಲ್ಲಿ ಇದು ಯೋಚಿಸದೆ ಬರುವಂತಾಗುತ್ತದೆ. ಐವತ್ತು ದಾಟಿದವರು ನಿಂತಲ್ಲಿಂದ ಬೀಳಲು ಹೋಗದೆ ಕುಳಿತಲ್ಲಿಂದ ಶುರು ಮಾಡಲಿ.

ಸೇರುವ ಮುನ್ನ ಜಾಗ ನೋಡಿ. ಮ್ಯಾಟ್ 40 ಮಿಲಿಮೀಟರ್ ದಪ್ಪದ್ದಿದ್ದರೆ ಎಸೆತಕ್ಕೆ ಸರಿ, 20ರದ್ದು ಸಾಲದು. ಟೈಲ್ಸ್ ನೆಲದ ಮೇಲೆ ಬಿಡಿಬಿಡಿ ಮ್ಯಾಟ್ ಸರಿದು ಸಂದಿಯಾಗುತ್ತದೆ, ಅದರಲ್ಲಿ ಕಾಲ್ಬೆರಳು ಸಿಕ್ಕಿ ಮುರಿಯುತ್ತದೆ. ಸುತ್ತ ಮರದ ಚೌಕಟ್ಟು ಬೇಕು. ಮಳೆಗಾಲದಲ್ಲಿ ಮ್ಯಾಟ್ ಎತ್ತಿ ಕೆಳಗೆ ಮೂಸಿ ನೋಡಿ. ಬೂಸಲು ವಾಸನೆ ಬಂದರೆ ಆ ತರಗತಿಯವರು ಬೇರೆ ವಿಷಯದಲ್ಲೂ ಅಸಡ್ಡೆ ಎಂದೇ ಲೆಕ್ಕ. ದಪ್ಪ ಜೂಡೊ ಗಿ, ಅಂದರೆ ಅಭ್ಯಾಸದ ಬಟ್ಟೆ, ಜುಲೈಯಲ್ಲಿ ಮೂರು ದಿನವಾದರೂ ಒಣಗುವುದಿಲ್ಲ, ತೆಳು ಕರಾಟೆ ಬಟ್ಟೆ ಸಾಕು. ಶಿಹೊನಾಗೆಯನ್ನು ಹೊಸಬರ ಮೇಲೆ ಜೋರಾಗಿ ಮಾಡಿಸುವುದು ಕಂಡರೆ ಎದ್ದು ಬನ್ನಿ: ಕೈ ಭುಜದ ಹಿಂದೆ ಮಡಚಿ ಸಿಕ್ಕಿಕೊಂಡಿರುವುದರಿಂದ ಬೀಳುವವನ ಹಿಂದಲೆ ನೇರ ನೆಲಕ್ಕೆ ಬಡಿಯುತ್ತದೆ.

ಗುರುಗಳಿಗೆ ಒಂದೇ ಕೋರಿಕೆ ಇಡಿ: ‘ತಿಂಗಳಿಗೊಮ್ಮೆಯಾದರೂ ಜೊತೆಗಾರ ನಿಜವಾಗಿ ಎದುರಿಸುವಂತೆ ಮಾಡಿಸುತ್ತೀರಾ, ಸರ್?’ ಉಯೆಶಿಬಾ ಅವರ ಶಿಷ್ಯ ಕೆಂಜಿ ತೊಮಿಕಿ ಜೂಡೊದಿಂದ ಬಂದವರು. ಅವರು ಐಕಿಡೊಗೆ ಪಂದ್ಯವನ್ನೇ ಸೇರಿಸಿದ್ದರು. ಹಾಗಾಗಿ ‘ನಮ್ಮಲ್ಲಿ ಅದು ನಿಷಿದ್ಧ’ ಎನ್ನುವುದು ಶಾಖೆಯ ಪದ್ಧತಿ ಅಷ್ಟೇ, ವಿದ್ಯೆಯ ಮಿತಿಯಲ್ಲ. ಹೊಡೆದಾಟಕ್ಕೇ ತಯಾರಾಗಬೇಕೆಂದರೆ ಜೂಡೊ, ಬಾಕ್ಸಿಂಗ್ ನೋಡಿ. ಹಳಿಯಾಳದ ಕಡೆಯವರಾದರೆ ಕುಸ್ತಿಯ ಕಣ ಮನೆ ಬಾಗಿಲಲ್ಲೇ ಇದೆ. ಆರು ತಿಂಗಳು ಮಣ್ಣು ಮೆತ್ತಿಕೊಂಡವನನ್ನು ಕೆಡವುವುದು ಎರಡು ವರ್ಷದ ಐಕಿಡೊದವರಿಗೆ ಕಷ್ಟ.

ಕಾನೂನಿನ ಮಾತು ತರಗತಿಯಲ್ಲಿ ಯಾರೂ ಎತ್ತುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳು ಆತ್ಮರಕ್ಷಣೆಯ ಹಕ್ಕಿನವು. ರಕ್ಷಣೆಗೆ ಬೇಕಾದಷ್ಟೇ ಪೆಟ್ಟು, ಅದಕ್ಕಿಂತ ಹೆಚ್ಚಲ್ಲ ಎನ್ನುತ್ತದೆ 37ನೇದು. ದೂಡಿದವನ ಮಣಿಕಟ್ಟು ಮುರಿದು ಬಂದರೆ ಕೇಸು ನಿಮ್ಮ ಮೇಲೂ ಆದೀತು. ಐಕಿಡೊದ ಮಾಆಯಿ ಪಾಠ, ಅಂದರೆ ಅಂತರ ಕಾಯುವುದು, ಇಲ್ಲಿ ಒದಗುತ್ತದೆ. ಅವನು ಕೈ ಚಾಚಿದರೂ ಮುಟ್ಟದಷ್ಟು ದೂರ, ಅಂಗೈ ಎದೆಯ ಮಟ್ಟಕ್ಕೆ ತೆರೆದು, ಪಕ್ಕಕ್ಕೆ ಸರಿಯಲು ಜಾಗ ಇಟ್ಟುಕೊಂಡು ನಿಂತು, 112ಕ್ಕೆ ಫೋನು.

ಮೊದಲ ದಿನ ಕಾಲುಗುರು ಕತ್ತರಿಸಿಕೊಂಡು ಹೋಗಿ. ಬಳೆ, ಕಾಲುಂಗುರ, ಕರಿಮಣಿ ಮನೆಯಲ್ಲೇ ಇರಲಿ.