ಲವ್‌ಕ್ರಾಫ್ಟ್ ಕಥಿ ಬುಕ್: ದೆವ್ವ ಹುಡಕಬ್ಯಾಡ್ರಿ ಇದ್ರಾಗ

ಕಲಬುರಗಿ ಸೂಪರ್ ಮಾರ್ಕೆಟ್ ಕಡಿ ಒಂದ್ ಅಂಗಡ್ಯಾಗ ತಗೊಂಡೆ, ಅಮೆರಿಕಾದ ಹಾರರ್ ಕಥಿಗಾರ ಲವ್‌ಕ್ರಾಫ್ಟ್ ಬರ್ದ ಕಥಿಗೋಳ ಪೇಪರ್‌ಬ್ಯಾಕ್. ಮೊದ್ಲೇ ಹೇಳ್ತೀನಿ, ಅಕ್ಷರ ಭಾಳ ಸಣ್ಣವು, ಹಾಳಿ ತೆಳ್ಳಗ, ರಾತ್ರಿ ಕರೆಂಟ್ ಹೋದ್ರ ಮೊಬೈಲ್ ಟಾರ್ಚ್‌ದಾಗ ಓದಾಕ ಆಗಂಗಿಲ್ಲ.

ಆದ್ರ ಕಥಿ ಮಾತ್ರ ಖರೇನೆ ಮಸ್ತ್ ಅವರಿ. ಎಲ್ಲಾರೂ 1928ರ 'ದಿ ಕಾಲ್ ಆಫ್ ಕ್ಥುಲು'ದಿಂದ ಸುರು ಮಾಡ್ರಿ ಅಂತಾರ, ನಾ ಅಂತೀನಿ 1927ರ 'ದಿ ಕಲರ್ ಔಟ್ ಆಫ್ ಸ್ಪೇಸ್' ಮೊದ್ಲ ಓದ್ರಿ, ಒಬ್ಬ ರೈತನ ಹೊಲದಾಗ ಬಾವಿ ಬಾಜೂಕ ಉಲ್ಕಾ ಬೀಳ್ತದ, ಆ ವರ್ಷ ಹಣ್ಣು ದಪ್ಪದಪ್ಪ, ಮಿರಿಮಿರಿ ಮಿಂಚ್ತಾವ, ಕಚ್ಚಿದ್ರ ಕಹಿ, ಆಮ್ಯಾಲ ಗಿಡ ರಾತ್ರಿ ಹೊಳಿಲಾಕ ಹತ್ತತಾವ, ದನ ಬೂದಿ ಬಣ್ಣಕ್ಕ ತಿರಗಿ ಪುಡಿಪುಡಿ ಆಗ್ತಾವ. ದೆವ್ವ ಇಲ್ಲ, ಮಾಟ ಇಲ್ಲ, ಬರೇ ಯಾರಿಗೂ ಹೆಸರ್ ಗೊತ್ತಿಲ್ದ ಒಂದ್ ಬಣ್ಣ! ತೊಗರಿ ಹೊಲದ ಬಾವಿ ನೋಡಿ ಬೆಳದವ್ರಿಗೆ ಇದು ಸೀದಾ ಎದಿಗೇ ಬಡೀತದ.

ಇಂಗ್ಲಿಷ್ ಹಳೇದು, ವಾಕ್ಯ ಮುಗಿಯಂಗೇ ಇಲ್ಲ, ಮತ್ತ ಬ್ಯಾರೆ ಜನಾಂಗದವ್ರ ಬಗ್ಗೆ ಅಂವ ಬರ್ದದ್ದು ಓದಿದ್ರ ಸಿಟ್ಟ ಬರ್ತದ, ಅದಕ್ಕ ಒಂದ್ ಸ್ಟಾರ್ ಕಟ್. ಐದಕ್ಕ ನಾಕು. ದೊಡ್ಡ ಅಕ್ಷರದ್ದು ಸಿಕ್ರ ಅದನ್ನೇ ತಗೋರಿ.