ಹಳೆ ಬೆಂಜಿಗೆ ಇನ್ನೂ ಹಳೆ ಗೇರ್ ಬಾಕ್ಸ್: ಗೋಣಿಕೊಪ್ಪದ ಒಂದು ಗ್ಯಾರೇಜಿನ ಬಗ್ಗೆ

ಗ್ಯಾರೇಜಿನ ಹೆಸರು ಹಾಕುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬರೆಯುತ್ತೇನೆ ಅಂದಾಗ ಮೇಸ್ತ್ರಿಯೇ ಬೇಡ ಅಂದರು. "ಇರುವ ಗಾಡಿ ನಿಲ್ಲಿಸಲಿಕ್ಕೇ ಜಾಗ ಇಲ್ಲ ಅಣ್ಣ, ಮಳೆಗಾಲ ಬೇರೆ." ಬೋರ್ಡೂ ಇಲ್ಲ. ಗೋಣಿಕೊಪ್ಪದಲ್ಲಿ ಯಾವುದಾದರೂ ಜೀಪಿನವರನ್ನು ನಿಲ್ಲಿಸಿ "ಆಟೋಮ್ಯಾಟಿಕ್ ಬಿಚ್ಚುವವರು ಯಾರು" ಅಂತ ಕೇಳಿ, ದಾರಿ ತೋರಿಸುತ್ತಾರೆ. ಶೆಡ್ಡಿನ ಬಾಗಿಲಲ್ಲಿ ಹಳೆಯ ಎಂಎಂ540 ಜೀಪಿನ ಚಾಸಿ ಒಂದು ನಿಂತಿದೆ. ಅದರ ಮೇಲೆ ಕರಿಮೆಣಸಿನ ಬಳ್ಳಿ ಹಬ್ಬಿದೆ. ಅದನ್ನು ನೋಡಿದಾಗಲೇ ಇಲ್ಲಿ ಕೆಲಸ ಎಷ್ಟು ಬೇಗ ಮುಗಿಯುತ್ತದೆ ಅಂತ ನನಗೆ ಗೊತ್ತಾಗಬೇಕಿತ್ತು.

ನನ್ನ ಗಾಡಿ 1991ರ ಮರ್ಸಿಡಿಸ್ 250ಡಿ, ಡಬ್ಲ್ಯು124 ಮಾಡೆಲ್. ಭಾವ ಇಂಗ್ಲೆಂಡಿನಲ್ಲಿ ಡಾಕ್ಟರ್ ಆಗಿದ್ದರು. ಊರಿಗೆ ವಾಪಸ್ ಬರುವಾಗ ಹಡಗಿನಲ್ಲಿ ತಂದದ್ದು. ಅವರಿಗೆ ಪ್ರಾಯ ಆಗಿ ಡ್ರೈವಿಂಗ್ ಬಿಟ್ಟ ಮೇಲೆ ಸಿದ್ದಾಪುರದ ಹತ್ತಿರದ ನಮ್ಮ ಅಂಗಳಕ್ಕೆ ಬಂತು. 2497 ಸಿಸಿ, ಐದು ಸಿಲಿಂಡರಿನ ಡೀಸೆಲ್ ಇಂಜಿನ್, ಟರ್ಬೊ ಇಲ್ಲ. ನೂರು ಅಶ್ವಶಕ್ತಿಯೂ ಇಲ್ಲ. ಆದರೆ ಇಂಜಿನ್ ಸಾಯುವ ಜಾತಿಯದಲ್ಲ. ತೊಂದರೆ ಕೊಟ್ಟದ್ದು ಗೇರ್ ಬಾಕ್ಸ್. ನಾಲ್ಕು ಗೇರಿನ ಆಟೋಮ್ಯಾಟಿಕ್, ಕಂಪನಿಯ ಲೆಕ್ಕದಲ್ಲಿ 722.4.

ಆರು ವರ್ಷದಿಂದ ರಿವರ್ಸ್ ತಡವಾಗಿ ಹಿಡಿಯುತ್ತಿತ್ತು. ಬೆಳಿಗ್ಗೆ ತಣ್ಣಗಿರುವಾಗ ಲಿವರ್ ಆರ್‌ಗೆ ಹಾಕಿ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸಬೇಕು. ಆಮೇಲೆ ಒಂದು ಗುದ್ದು ಕೊಟ್ಟು ಹಿಂದೆ ಹೋಗುತ್ತದೆ. ಒಳಗಿನ ರಬ್ಬರ್ ಸೀಲುಗಳು ಗಟ್ಟಿಯಾದರೆ ಹಾಗಾಗುತ್ತದೆ. ಪ್ರೆಶರ್ ಕಟ್ಟಲು ಹೊತ್ತು ಬೇಕು. ನಾನು ಅಭ್ಯಾಸ ಮಾಡಿಕೊಂಡೆ. ತಪ್ಪು ನನ್ನದೇ. ಗೇರ್ ಆಯಿಲ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಕೇಳಿದರೆ ನನಗೂ ಗೊತ್ತಿಲ್ಲ, ಭಾವನಿಗೂ ಗೊತ್ತಿಲ್ಲ.

ಆದರೆ ಅದನ್ನು ಕೊಂದದ್ದು ನಾನೊಬ್ಬನೇ ಅಲ್ಲ. ಎರಡು ವರ್ಷದ ಹಿಂದೆ ಗೇರ್ ಬದಲಾಗುವಾಗ ಜರ್ಕ್ ಹೊಡೆಯುತ್ತದೆ ಅಂತ ಒಂದು ದೊಡ್ಡ ಊರಿನ ಎಸಿ ಕೋಣೆ ಇರುವ ವರ್ಕ್‌ಶಾಪಿಗೆ ಕೊಟ್ಟಿದ್ದೆ. ಕಾಫಿ ಕೊಟ್ಟರು. ಸಂಜೆಗೆ ಗಾಡಿ ಬೆಣ್ಣೆಯ ಹಾಗೆ ಓಡಿತು. ಖುಷಿಯಾಯಿತು. ಏನು ಮಾಡಿದ್ದರು ಅನ್ನುವುದು ಗೋಣಿಕೊಪ್ಪದಲ್ಲಿ ಗೊತ್ತಾಯಿತು.

ಈ ಗೇರ್ ಬಾಕ್ಸಿಗೆ ಕಂಪ್ಯೂಟರ್ ಇಲ್ಲ. ನೀವು ಎಷ್ಟು ಆಕ್ಸಿಲರೇಟರ್ ಕೊಡುತ್ತಿದ್ದೀರಿ ಅನ್ನುವುದು ಅದಕ್ಕೆ ಎರಡು ದಾರಿಯಲ್ಲಿ ತಿಳಿಯುತ್ತದೆ. ಒಂದು ಕೇಬಲ್, ಇನ್ನೊಂದು ವ್ಯಾಕ್ಯೂಮ್ ಪೈಪ್. ಪೈಪಿನ ತುದಿಯಲ್ಲಿ ಮಾಡ್ಯುಲೇಟರ್ ಅಂತ ಒಂದು ಡಬ್ಬಿ ಇದೆ. ಆಕ್ಸಿಲರೇಟರ್ ಬಿಟ್ಟಾಗ ವ್ಯಾಕ್ಯೂಮ್ ಜಾಸ್ತಿ, ಒಳಗಿನ ಪ್ರೆಶರ್ ಕಡಿಮೆ, ಗೇರ್ ಮೆತ್ತಗೆ ಬೀಳುತ್ತದೆ. ಪೂರ್ತಿ ತುಳಿದಾಗ ವ್ಯಾಕ್ಯೂಮ್ ಇಲ್ಲ, ಪ್ರೆಶರ್ ಜಾಸ್ತಿ, ಕ್ಲಚ್ ಪ್ಲೇಟುಗಳು ಬಿಗಿಯಾಗಿ ಹಿಡಿಯುತ್ತವೆ. ಎಲ್ಲೋ ರಬ್ಬರ್ ಪೈಪ್ ಒಡೆದು ವ್ಯಾಕ್ಯೂಮ್ ಸೋರಿದರೆ ಯಾವಾಗಲೂ ಗಟ್ಟಿ, ಯಾವಾಗಲೂ ಜರ್ಕ್. ನನ್ನ ಗಾಡಿಗೆ ಆಗಿದ್ದದ್ದು ಅಷ್ಟೇ. ಒಂದು ತುಂಡು ರಬ್ಬರ್ ಪೈಪಿನ ಕೆಲಸ. ಅದನ್ನು ಹುಡುಕುವ ಬದಲು ಆ ವರ್ಕ್‌ಶಾಪಿನವರು ಡಬ್ಬಿಯ ಮುಚ್ಚಳ ತೆಗೆದು ಒಳಗಿನ ಕೀಲಿ ತಿರುಗಿಸಿ ಪ್ರೆಶರನ್ನೇ ಇಳಿಸಿದ್ದರು. ಆಮೇಲೆ ಯಾರೋ ಪೈಪನ್ನೂ ಸರಿ ಮಾಡಿದರು, ಬಹುಶಃ ಇನ್ನೊಂದು ಸರ್ವಿಸಿನಲ್ಲಿ. ಆಗ ಪ್ರೆಶರ್ ಇನ್ನೂ ಇಳಿಯಿತು. ಬೆಣ್ಣೆಯ ಹಾಗೆ ಓಡಿದ್ದು ಯಾಕೆ ಅಂದರೆ, ಪ್ಲೇಟುಗಳು ಹಿಡಿಯುವ ಬದಲು ಜಾರುತ್ತಿದ್ದವು.

ಕಳೆದ ಜುಲೈಯಲ್ಲಿ ಸುಳ್ಯದಿಂದ ವಾಪಸ್ ಬರುವಾಗ ಸಂಪಾಜೆ ಘಾಟಿಯಲ್ಲಿ ಅದು ಮುಗಿಯಿತು. ಜೋಡುಪಾಲ ದಾಟಿದ ಮೇಲೆ ಎರಡರಿಂದ ಮೂರಕ್ಕೆ ಹೋಗುವಾಗ ಇಂಜಿನ್ ಒಮ್ಮೆಲೇ ಕೂಗಿತು, ಗಾಡಿ ಮಾತ್ರ ಮುಂದೆ ಹೋಗಲಿಲ್ಲ. ಇನ್ನೆರಡು ತಿರುವು ಹಾಗೇ ತೆವಳಿತು. ಆಮೇಲೆ ಡಿ ಹಾಕಿದರೂ ಒಂದೇ, ನ್ಯೂಟ್ರಲ್ ಹಾಕಿದರೂ ಒಂದೇ. ಸುಟ್ಟ ವಾಸನೆ. ಹಿಂದೆ ಕೆಎಸ್‌ಆರ್‌ಟಿಸಿ ಬಸ್ಸು, ಅದರ ಹಿಂದೆ ಸಾಲು. 2018ರಲ್ಲಿ ಗುಡ್ಡ ಜಾರಿದ ಜಾಗ ಅದು, ಮಳೆಯಲ್ಲಿ ಅಲ್ಲಿ ನಿಲ್ಲಲು ಯಾರಿಗೂ ಮನಸ್ಸಾಗುವುದಿಲ್ಲ. ಒಬ್ಬ ಪಿಕಪ್ಪಿನ ಹುಡುಗ ಹಗ್ಗ ಕಟ್ಟಿ ಮಡಿಕೇರಿವರೆಗೆ ಎಳೆದುಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ.

ಮರುದಿನ ಮಡಿಕೇರಿಯಿಂದ ಗೋಣಿಕೊಪ್ಪಕ್ಕೆ ಫ್ಲಾಟ್‌ಬೆಡ್ಡಿನಲ್ಲಿ. ಆಟೋಮ್ಯಾಟಿಕ್ ಗಾಡಿಯನ್ನು ದೂರ ಎಳೆಯಬಾರದು. ಒಳಗೆ ಎಣ್ಣೆ ತಳ್ಳುವ ಪಂಪ್ ಇಂಜಿನ್ ಓಡಿದರೆ ಮಾತ್ರ ಓಡುವುದು. ಚಕ್ರ ತಿರುಗಿ ಎಣ್ಣೆ ತಿರುಗದಿದ್ದರೆ ಇದ್ದದ್ದೂ ಹೋಗುತ್ತದೆ. ನನ್ನದರಲ್ಲಿ ಹೋಗಲು ಏನೂ ಉಳಿದಿರಲಿಲ್ಲ, ಆ ಮಾತು ಬೇರೆ.

ಬೆಂಗಳೂರಿನಲ್ಲಿ ಎರಡು ಕಡೆ ಫೋನಿನಲ್ಲಿ ಕೇಳಿದೆ. ಒಬ್ಬರು 722.4 ರೀಬಿಲ್ಡ್‌ಗೆ 1,75,000 ರೂಪಾಯಿ ಅಂದರು, ಗ್ಯಾರಂಟಿ ಆರು ತಿಂಗಳು. ಇನ್ನೊಬ್ಬರು ಗಾಡಿ ಮಾರಿಬಿಡಿ ಸಾರ್ ಅಂದರು.

ಗೋಣಿಕೊಪ್ಪದ ಮೇಸ್ತ್ರಿ ಫೋನಿನಲ್ಲಿ ಏನೂ ಹೇಳಲಿಲ್ಲ. ಗಾಡಿ ಬಂದ ಮೇಲೆ ಚೇಂಬರ್, ಅಂದರೆ ಗೇರ್ ಬಾಕ್ಸಿನ ತಳದ ಎಣ್ಣೆ ತಟ್ಟೆ, ಬಿಚ್ಚಿ, ಬೆರಳು ಅದ್ದಿ, ನನ್ನ ಮೂಗಿನ ಹತ್ತಿರ ಹಿಡಿದರು. ಎಣ್ಣೆ ಕೆಂಪಗಿರಬೇಕು. ಇದು ಕರೀ ಕಷಾಯ. ತಳದಲ್ಲಿ ಪ್ಲೇಟಿನ ಪುಡಿ, ಜೊತೆಗೆ ಹೊಳೆಯುವ ಲೋಹದ ಚೂರು. "ಪುಡಿ ಮಾತ್ರ ಆಗಿದ್ದರೆ ಇದನ್ನೇ ಮಾಡಿಕೊಡುತ್ತಿದ್ದೆ. ಕಬ್ಬಿಣ ತಿಂದಿದೆ. ಇದಕ್ಕೆ ಹಾಕುವ ದುಡ್ಡಲ್ಲಿ 722.3 ಹುಡುಕುವ."

ಅದನ್ನು ಕೇಳಿ ನನಗೆ ಸ್ವಲ್ಪ ಗಲಿಬಿಲಿ ಆಯಿತು. 722.3 ಅಂದರೆ ಇದಕ್ಕಿಂತ ಹಳೆಯದು. 722.4 ಬಂದದ್ದು 1982ರಲ್ಲಿ, ಸಣ್ಣ ಬೆಂಜ್ 190ರ ಜೊತೆ. ಹಗುರವಾಗಿರಲಿ, ಸಣ್ಣ ಇಂಜಿನ್‌ಗಳಿಗೆ ಸಾಕು ಅಂತ ಮಾಡಿದ್ದು, ಅದರ ಕೆಲಸಕ್ಕೆ ಅದು ಸರಿಯೇ. 722.3 ಅದರ ಅಣ್ಣ. ಅದನ್ನು 5.6 ಲೀಟರ್ ವಿ8 ಇರುವ 560 ಎಸ್‌ಇಎಲ್‌ಗೂ ಹಾಕಿದ್ದಾರೆ. ಕಂಪನಿಯ ಇನ್ನೊಂದು ಹೆಸರಿನಲ್ಲೇ ಇದೆ ಲೆಕ್ಕ: 722.4 ಅಂದರೆ ಡಬ್ಲ್ಯು4ಎ020, 722.3 ಅಂದರೆ ಡಬ್ಲ್ಯು4ಎ040. ಕೊನೆಯ ಮೂರು ಅಂಕಿ ಹೊರುವ ಬಲದ್ದು. ನನ್ನ ಇಂಜಿನ್ನಿನ ಬಲಕ್ಕೆ 040 ಅಂದರೆ ಮೊಲಕ್ಕೆ ಆನೆಯ ಕಾಲು ಕಟ್ಟಿದ ಹಾಗೆ. ಆದರೆ ನಮ್ಮ ರಸ್ತೆಗೆ ಅದೇ ಬೇಕು ಅಂತ ಮೇಸ್ತ್ರಿ ವಾದ. ಬಿಸಿಯಾದ ಎಣ್ಣೆ, ಘಾಟಿ, ಹಿಂದೆ ನಾಲ್ಕು ಮೂಟೆ ಕಾಫಿ. (ಡಿಕ್ಕಿಯಲ್ಲಿ ಕಾಫಿ ಹಾಕುವುದು ಅವರಿಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಕಾರ್ಪೆಟ್ ವಾಸನೆ ಹೇಳಿರಬೇಕು.)

ಯಾವ 722.3 ಆದರೂ ಆಗುವುದಿಲ್ಲ. ಪೆಟ್ರೋಲ್ ಗಾಡಿಯದ್ದು ತಂದರೆ ಗೇರ್ ಬದಲಾಗುವುದು ಇಂಜಿನ್ ಜಾಸ್ತಿ ತಿರುಗಿದ ಮೇಲೆ. ಡೀಸೆಲ್ ಪಾಪ ಅಲ್ಲಿಗೆ ಹೋಗುವಷ್ಟರಲ್ಲಿ ಏದುಸಿರು ಬಿಡುತ್ತದೆ. ಮೂರು ಲೀಟರ್ ಟರ್ಬೊ ಡೀಸೆಲ್ಲಿನದ್ದು ಬೇಕು, ಆ ಇಂಜಿನ್ ನಮ್ಮದರದ್ದೇ ಸಂಸಾರ. ಮೂರು ವಾರ ಹುಡುಕಿ, ಕೊನೆಗೆ ಕಣ್ಣೂರಿನ ಕಡೆ ಒಡೆಯಲು ಇಟ್ಟಿದ್ದ ಗಲ್ಫ್ ಗಾಡಿಯೊಂದರಲ್ಲಿ ಸಿಕ್ಕಿತು. ನಾನೂ ಜೊತೆಗೆ ಹೋದೆ, ಮಾಕುಟ್ಟ ಇಳಿದು, ಇರಿಟ್ಟಿ ದಾಟಿ. ಮೇಸ್ತ್ರಿ ಸೀಮೆಎಣ್ಣೆ ಬಟ್ಟೆಯಲ್ಲಿ ಚೇಂಬರಿನ ಮೇಲ್ಗಡೆ ಉಜ್ಜಿ, ಅಲ್ಲಿ ಹೊಡೆದಿರುವ ನಂಬರ್ ಓದಿ, ಫೋಟೊ ತೆಗೆದುಕೊಂಡು, ಆಮೇಲೆಯೇ ರೇಟು ಮಾತಾಡಿದ್ದು. 42,000. ಟಾರ್ಕ್ ಕನ್ವರ್ಟರ್ ಸೇರಿ, ಅಂದರೆ ಇಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್ ಬಾಕ್ಸಿಗೆ ದಾಟಿಸುವ ಭಾಗ. ಅದನ್ನು ಬಿಟ್ಟು ಬರಬಾರದು, ಎರಡರದ್ದು ಬೇರೆ ಬೇರೆ.

ತಂದದ್ದನ್ನು ಹಾಗೇ ಏರಿಸಲಿಲ್ಲ. ಪೂರ್ತಿ ಬಿಚ್ಚಿದರು. ಹಳೆಯ ಸೀಲು, ಪ್ಲೇಟು ಎಲ್ಲ ತೆಗೆದು ಹೊಸದು ಹಾಕಿದರು. ಆ ಸೆಟ್ಟಿಗೆ 31,500. ಅಲ್ಲಿಯವರೆಗೆ ಆಟೋಮ್ಯಾಟಿಕ್ ಒಳಗೆ ಏನಿದೆ ಅಂತ ನಾನು ನೋಡಿರಲಿಲ್ಲ. ಬೆಂಚಿನ ಮೇಲೆ ಬಿಳಿ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟಿದ್ದರು. ಹುಡುಗ ಒಬ್ಬನಿಗೆ ಒಂದೇ ಕೆಲಸ: ಆ ಬೆಂಚಿನ ಹತ್ತಿರ ಯಾರನ್ನೂ ಬಿಡಬಾರದು. ನನ್ನನ್ನೂ ಬಿಡಲಿಲ್ಲ. ಹೊರಗೆ ಕೂತು ಬೆಲ್ಲದ ಕಾಫಿ ಕುಡಿದೆ.

ಎರಡು ಕೆಲಸ ನನಗೆ ಬಹಳ ಹಿಡಿಸಿತು. ರೇಡಿಯೇಟರಿಗೆ ಹೋಗುವ ಗೇರ್ ಆಯಿಲ್ ಪೈಪುಗಳನ್ನು ಬಿಚ್ಚಿ, ಡೀಸೆಲ್ ಹಾಕಿ, ಗಾಳಿ ಹೊಡೆದು, ಬರುವುದು ತಿಳಿಯಾಗುವವರೆಗೆ ತೊಳೆದರು. ಸುಮಾರು ಅರ್ಧ ದಿನ. ಹಳೆಯದರ ಕಬ್ಬಿಣದ ಪುಡಿ ಅಲ್ಲೇ ಕೂತಿರುತ್ತದೆ, ತೊಳೆಯದಿದ್ದರೆ ಮೊದಲ ದಿನವೇ ಹೊಸದಕ್ಕೆ ಬರುತ್ತದೆ. ಇನ್ನೊಂದು, ಕನ್ವರ್ಟರ್ ಕೂರಿಸಿದ್ದು. ಅದು ಪಂಪಿನ ಒಳಗೆ ಪೂರ್ತಿ ಕೂತಿದೆಯೋ ಇಲ್ಲವೋ ಅಂತ ಸ್ಕೇಲ್ ಹಿಡಿದು ಅಳೆದು, ತಿರುಗಿಸಿ, ಮತ್ತೆ ಅಳೆದರು. ಕೂರದೆ ಬೋಲ್ಟ್ ಬಿಗಿದರೆ ಪಂಪ್ ಒಡೆಯುತ್ತದೆ. ಆಮೇಲೆ ವ್ಯಾಕ್ಯೂಮ್ ಗೇಜ್ ಕಟ್ಟಿ, ಆ ಮಾಡ್ಯುಲೇಟರ್ ಡಬ್ಬಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪೊನ್ನಂಪೇಟೆ ಕಡೆಗೆ ಐದು ಸಲ ಓಡಿಸಿ ನೋಡಿದರು. "ಸ್ವಲ್ಪ ಗೊತ್ತಾಗಬೇಕು ಅಣ್ಣ ಗೇರ್ ಬಿದ್ದದ್ದು. ಗೊತ್ತೇ ಆಗಲಿಲ್ಲ ಅಂದರೆ ತಿನ್ನುತ್ತಿದೆ ಅಂತ ಅರ್ಥ."

ಇನ್ನು ದೂರು. ಎರಡು ವಾರ ಅಂದದ್ದು ಹನ್ನೊಂದು ವಾರ ಆಯಿತು. ಕೈಲ್ ಪೊಳ್ದ್‌ಗೆ ಗಾಡಿ ಮನೆಯಲ್ಲಿರುತ್ತದೆ ಅಂತ ಹೇಳಿದ್ದರು. ಹಬ್ಬ ಮುಗಿದು ಒಂದು ತಿಂಗಳಾದರೂ ಅದು ಜಾಕಿನ ಮೇಲೆಯೇ ಇತ್ತು. ಫೋನ್ ಎತ್ತುವುದಿಲ್ಲ. ಎತ್ತಿದರೆ "ನಾಳೆ". ನಡುವೆ ಯಾವುದೋ ರ‍್ಯಾಲಿ ಅಂತ ಮೂರು ಜಿಪ್ಸಿ ಬಂದವು, ನನ್ನ ಬೆಂಜಿಗೆ ಟಾರ್ಪಾಲ್ ಹೊದಿಸಿ ಮೂಲೆಗೆ ತಳ್ಳಿದರು. ಕೊಡಗಿನಲ್ಲಿ ರ‍್ಯಾಲಿ ಅಂದರೆ ಮದುವೆಗಿಂತ ದೊಡ್ಡದು, ವಾದ ಮಾಡಿ ಪ್ರಯೋಜನ ಇಲ್ಲ.

ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳ ಕಡೆಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ವಿಷಯವೂ ಮೊದಲ ಸಲಕ್ಕೆ ಸರಿಯಾಗಲಿಲ್ಲ. ಹೊಸ ಪೆಟ್ಟಿಗೆ ಉದ್ದ, ಹಾಗಾಗಿ ಶಾಫ್ಟಿನ ಮುಂದಿನ ತುಂಡನ್ನು ಕತ್ತರಿಸಿ ಗಿಡ್ಡ ಮಾಡಬೇಕು. ಲೇಥಿನಲ್ಲಿ ಮಾಡಿಸಿದರು. 70 ಕಿಲೋಮೀಟರ್ ವೇಗಕ್ಕೆ ಹೋದರೆ ಸೀಟಿನ ಕೆಳಗೆ ಜೇನು ಎದ್ದ ಹಾಗೆ. ನಾನು ಹೇಳಿದಾಗ "ಟಯರ್ ಇರಬೇಕು" ಅಂದರು. ಟಯರ್ ಅಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾಲ್ಕು ದಿನ ಬಿಟ್ಟು ಅವರೇ ಫೋನ್ ಮಾಡಿ, ಶಾಫ್ಟ್ ಬಿಚ್ಚಿ ಮೈಸೂರಿಗೆ ಕಳಿಸಿ ಬ್ಯಾಲೆನ್ಸ್ ಮಾಡಿಸಿದರು. ಎರಡನೇ ಸಲದ ದುಡ್ಡು ಕೇಳಲಿಲ್ಲ.

ಎಲ್ಲ ಸೇರಿ 1,18,000. ಮೇಲೆ ಹೇಳಿದ್ದು ಬಿಟ್ಟು ಶಾಫ್ಟಿಗೆ 7,500, ಸಪೋರ್ಟ್ ಪಟ್ಟಿ ವೆಲ್ಡಿಂಗ್ 3,000, ಎಣ್ಣೆ ಮತ್ತು ಫಿಲ್ಟರ್ 6,000, ಕಣ್ಣೂರಿನಿಂದ ತಂದ ಬಾಡಿಗೆ 3,000, ಮಜೂರಿ 25,000. ಬಿಲ್ಲು ಅಂದರೆ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದದ್ದು. ಗ್ಯಾರಂಟಿ ಬಾಯಿಮಾತು. ಇದಕ್ಕೆ ಆರ್‌ಟಿಒ ಕಾಟ ಇದೆಯಾ ಅಂತ ಕೆಲವರು ಕೇಳಿದರು. ಆರ್‌ಸಿಯಲ್ಲಿ ಇರುವುದು ಇಂಜಿನ್ ನಂಬರ್, ಚಾಸಿ ನಂಬರ್. ಎರಡೂ ಇದ್ದ ಹಾಗೇ ಇವೆ.

ಈಗ ಓಡುವುದು ಹೇಗೆ? ನಿಂತಲ್ಲಿಂದ ಹೊರಡುವಾಗ ಮೊದಲಿಗಿಂತ ನಿಧಾನ, ಸುಳ್ಳು ಹೇಳುವುದಿಲ್ಲ. ಈ ಎರಡೂ ಪೆಟ್ಟಿಗೆಗಳು ಸಾಮಾನ್ಯವಾಗಿ ಎರಡನೇ ಗೇರಿನಲ್ಲೇ ಹೊರಡುತ್ತವೆ. ಹಳೆಯದರಲ್ಲಿ ಆ ಗೇರಿನ ಲೆಕ್ಕ 2.41 ಇತ್ತು, ಈಗಿನದರಲ್ಲಿ 2.25. ಅಂಕಿ ಇಳಿದರೆ ಎಳೆತವೂ ಇಳಿಯುತ್ತದೆ. ವ್ಯತ್ಯಾಸ ಸಣ್ಣದು, ಆದರೆ ಕುಶಾಲನಗರದ ಸಿಗ್ನಲ್ಲಿನಲ್ಲಿ ಹಿಂದಿನ ಆಟೋದವನಿಗೆ ಗೊತ್ತಾಗುತ್ತದೆ, ಹಾರ್ನ್ ಹೊಡೆಯುತ್ತಾನೆ. ಮೈಲೇಜೂ ಲೀಟರಿಗೆ ಅರ್ಧ ಕಿಲೋಮೀಟರ್ ಇಳಿದಿರಬಹುದು. ಆದರೆ ಘಾಟಿಯಲ್ಲಿ ಬೇರೆಯೇ ಗಾಡಿ. ಅದೇ ಸಂಪಾಜೆ, ಒಳಗೆ ಐದು ಜನ. ಲಿವರನ್ನು 3ಕ್ಕೆ ಎಳೆದು ಬಿಟ್ಟರೆ ಗೇರ್ ಹಿಡಿದುಕೊಂಡು ಒಂದೇ ಸಮ ಹತ್ತಿತು. ಇಳಿಯುವಾಗಲೂ ಹಾಗೇ, ಬ್ರೇಕ್ ಮೇಲೆ ಕಾಲು ಇಟ್ಟೇ ಇರಬೇಕಾಗಿಲ್ಲ.

ರಿವರ್ಸ್ ಮಾತ್ರ ನನಗೆ ಕೈ ಕೊಟ್ಟಿತು. ಆರು ವರ್ಷದ ಅಭ್ಯಾಸ. ಲಿವರ್ ಹಾಕಿ, ನಾಲ್ಕು ಎಣಿಸುವ ಮೊದಲೇ ಆಕ್ಸಿಲರೇಟರಿನ ಮೇಲೆ ಕಾಲು ಇಟ್ಟೇ ಇರುತ್ತಿದ್ದೆ. ಈಗ ಹಾಕಿದ ಕ್ಷಣವೇ ಹಿಡಿಯುತ್ತದೆ. ಮೊದಲ ದಿನವೇ ಹೆಂಡತಿಯ ಆಂಥೂರಿಯಂ ಕುಂಡ ಮೂರು ಹೋದವು. ಆ ಲೆಕ್ಕ 1,18,000ದಲ್ಲಿ ಸೇರಿಲ್ಲ.

ಮೂರು ತಿಂಗಳು, 2,600 ಕಿಲೋಮೀಟರ್ ಆಯಿತು. ವಾರಕ್ಕೊಮ್ಮೆ ಗೇಜ್ ಕಡ್ಡಿ ತೆಗೆದು ನೋಡುತ್ತೇನೆ, ಗಾಡಿ ಬಿಸಿಯಾಗಿ, ಪಿಯಲ್ಲಿಟ್ಟು, ಇಂಜಿನ್ ಓಡುತ್ತಿರುವಾಗ. ಎಣ್ಣೆ ದಾಸವಾಳದ ಬಣ್ಣವೇ ಇದೆ. ಚೇಂಬರಿನ ಒಂದು ಮೂಲೆಯಿಂದ ರಾತ್ರಿಗೆ ಒಂದು ಹನಿ ಬೀಳುತ್ತದೆ. ಕೆಳಗೆ ರಟ್ಟು ಇಟ್ಟಿದ್ದೇನೆ. ಮೇಸ್ತ್ರಿಗೆ ಹೇಳಿದೆ. ಪ್ಯಾಕಿಂಗ್ ಬದಲಾಯಿಸುವ, ಭಾನುವಾರ ಬನ್ನಿ ಅಂದರು. ಯಾವ ಭಾನುವಾರ ಅಂತ ಹೇಳಲಿಲ್ಲ.