ಬೆಳ್ಳಿ ಒಡವೆಗೆ ಗಾಜಿನ ಮಣಿಯೋ, ನಿಜವಾದ ಕಲ್ಲೋ?

925 ಮುದ್ರೆ ಇದ್ದರೆ ಲೋಹದಲ್ಲಿ ನೂರಕ್ಕೆ 92.5 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ. ಆದರೆ ಆ ಮುದ್ರೆ ಕಲ್ಲಿನ ಬಗ್ಗೆ ಏನೂ ಹೇಳುವುದಿಲ್ಲ. ಜನ ಮೋಸ ಹೋಗುವುದು ಇಲ್ಲೇ.

ದಿನಾ ಹಾಕುವ ಉಂಗುರಕ್ಕೆ ನಾನಂತೂ ಅಮೆಥಿಸ್ಟ್ ಅನ್ನೋ ನೇರಳೆ ಕಲ್ಲನ್ನು ಆರಿಸುತ್ತೇನೆ. ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ (Mohs) ಅಳತೆಯಲ್ಲಿ ಅದರ ಗಡಸುತನ 7, ಗಾಜಿನದು ಸುಮಾರು 5.5. ದೂಳಿನಲ್ಲಿರುವ ಮರಳಿನ ಕಣವೇ ಸಾಕು, ಗಾಜಿನ ಮೇಲೆ ಗೀರು ಬೀಳುತ್ತದೆ, ಹೊಳಪು ಮಾಸುತ್ತದೆ.

ಗುರುತಿಸುವುದು ಹೇಗೆ? ಪ್ಲಾಸ್ಟಿಕ್ ಮಣಿ ಕೈಗೆ ಹಗುರ, ಮುಟ್ಟಿದರೆ ತಣ್ಣಗಿರುವುದಿಲ್ಲ. ಗಾಜನ್ನು ಭೂತಗನ್ನಡಿಯಲ್ಲಿ ನೋಡಿ, ಒಳಗೆ ದುಂಡನೆಯ ಗುಳ್ಳೆ ಕಾಣಬಹುದು. ಟರ್ಕ್ವಾಯ್ಸ್ ಅನ್ನೋ ನೀಲಿ ಕಲ್ಲಿನಲ್ಲಂತೂ ಜಾಸ್ತಿ ಹುಷಾರಾಗಿರಿ. ಹೌಲೈಟ್ ಅನ್ನೋ ಬಿಳಿ ಕಲ್ಲಿಗೆ ಬಣ್ಣ ಹಾಕಿ ಮಾರುತ್ತಾರೆ. ದಾರದ ತೂತಿನೊಳಗೆ ಇಣುಕಿ ನೋಡಿ, ಎಷ್ಟೋ ಸಲ ಅಲ್ಲಿ ಬಿಳುಪು ಉಳಿದಿರುತ್ತದೆ.

ನಿಜವಾದ ಕಲ್ಲಿಗೂ ಕಷ್ಟಗಳಿವೆ. ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಟರ್ಕ್ವಾಯ್ಸ್, ಮುತ್ತು, ಹವಳ ಅದ್ದಿದರೆ ಹಾಳಾಗುತ್ತವೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಸೀರೆಗೊಂದು ಬಣ್ಣದ ಸರ ಬೇಕಾ? ಗಾಜಿನ ಮಣಿಯೇ ಚೆನ್ನ, ಕಳೆದರೂ ಅಷ್ಟು ಸಂಕಟವಿಲ್ಲ. ಮಾರುವವರು ಅದನ್ನು ಗಾಜು ಅಂತಲೇ ಹೇಳಿ, ಗಾಜಿನ ಬೆಲೆಗೇ ಕೊಡಬೇಕು, ಅಷ್ಟೇ.